ಐದು ವ್ಯಾಟಿನ ಎತ್ತು

ನಮ್ಮ ಕಡೆ ಯಾರು ಏನು ಕೊಂಡರೂ ಊರೆಲ್ಲ ಕೂಡಿಯೇ ಕೊಳ್ಳುತ್ತದೆ. ರೊಕ್ಕ ಮಾತ್ರ ಒಬ್ಬನದು. ಎಮ್ಮೆ ಇರಲಿ, ಸೈಕಲ್ ಇರಲಿ, ಮಗಳಿಗೆ ವರ ಇರಲಿ, ನೋಡುವುದಕ್ಕೆ ನಾಲ್ಕು ಮಂದಿ ಬಂದರೆ ಕೊಂಕು ತೆಗೆದು ಹೆಸರಿಡುವುದಕ್ಕೆ ಎಂಟು ಮಂದಿ ಬರುತ್ತಾರೆ. ಇಂಥ ಊರಲ್ಲಿ ಎಂಬತ್ತರ ದಶಕದಲ್ಲಿ ನಾನೊಂದು ಹ್ಯಾಮ್ ರೇಡಿಯೋ ಕೊಳ್ಳಲು ಹೊರಟೆ. ಯಾರಿಗೂ ಗೊತ್ತಾಗದ ಹಾಗೆ ಕೊಳ್ಳುತ್ತೇನೆಂದು ನಂಬಿದ್ದೆ ನೋಡಿ, ಮೊದಲ ಹಾಸ್ಯ ಅದೇ.

ಆಗ ನಾನು ಅಣ್ಣಿಗೇರಿಯ ಬಾಜೂಕಿನ ಒಂದು ಹಳ್ಳಿಯಲ್ಲಿ ದನದ ದವಾಖಾನೆಯ ಸಹಾಯಕ. ಊರವರು ಡಾಕ್ಟರು ಅನ್ನುತ್ತಿದ್ದರು. ದನಗಳು ಏನನ್ನುತ್ತಿದ್ದವೋ ಗೊತ್ತಿಲ್ಲ. ಹ್ಯಾಮ್ ರೇಡಿಯೋ ಅಂದರೆ ಹಾಡು ಕೇಳುವ ರೇಡಿಯೋ ಅಲ್ಲ, ನಾವು ಕಳಿಸಿದ್ದನ್ನು ಬೇರೆ ಊರಿನವರು, ಬೇರೆ ದೇಶದವರು ಕೇಳಿ ಉತ್ತರ ಕೊಡುವ ರೇಡಿಯೋ. ಬಾಯಿಂದಲೂ ಮಾತಾಡಬಹುದು, ಟೆಲಿಗ್ರಾಂನವರ ಹಾಗೆ ಗಿಡ್ಡ ಒತ್ತು, ಉದ್ದ ಒತ್ತು ಕೂಡಿಸಿ ತಾರಿನ ಭಾಷೆಯಲ್ಲಿ ಕೀಲಿ ಒತ್ತಿಯೂ ಮಾತಾಡಬಹುದು. ನನಗೆ ಒಲಿದದ್ದು ಕೀಲಿ. ಇದಕ್ಕೆ ಸರಕಾರದ ಪರೀಕ್ಷೆ ಪಾಸಾಗಬೇಕು, ಲೈಸೆನ್ಸ್ ಪಡೆಯಬೇಕು. ಬೆಂಗಳೂರಿಗೆ ಎರಡು ಸಲ ಹೋಗಿ, ಒಮ್ಮೆ ಫೇಲಾಗಿ, ಆಮೇಲೆ ಪಾಸಾದೆ.

### ಅಪಾಯವಿಲ್ಲದ ಮನುಷ್ಯ

ಲೈಸೆನ್ಸ್ ಕೊಡುವ ಮುಂಚೆ ಪೊಲೀಸ್ ವಿಚಾರಣೆ ಆಗಬೇಕು. ಹವಾಲ್ದಾರರು ಮನೆಗೆ ಬಂದರು, ಕಟ್ಟೆಯ ಮೇಲೆ ಕೂತು ಚಹಾ ಕುಡಿದರು, ಕಾಗದ ತೆಗೆದರು.

"ಇದು ಎದಕ ಬೇಕ್ರಿ ನಿಮಗ?"

"ಮಾತಾಡಾಕ್ರಿ."

"ಯಾರ ಜೋಡಿ?"

"ಯಾರ ಸಿಗತಾರ ಅವರ ಜೋಡಿ. ಜಪಾನ್‌ದವರು ಸಿಕ್ಕರೂ ಆತು, ರಷ್ಯಾದವರು ಸಿಕ್ಕರೂ ಆತು."

ಹವಾಲ್ದಾರರ ಪೆನ್ನು ನಿಂತಿತು. "ಪರಿಚಯದವರೇನು?"

"ಇಲ್ರಿ."

"ಪರಿಚಯ ಇಲ್ದವರ ಜೋಡಿ ಏನ ಮಾತಾಡತೀರಿ?"

"ನಾ ಹೆಂಗ ಕೇಳಸಾಕತ್ತೀನಿ ಅಂತ ಕೇಳತೀನ್ರಿ. ಅವರೂ ನನಗ ಅದನ್ನ ಕೇಳತಾರ."

"ಆಮ್ಯಾಲ?"

"ಆಮ್ಯಾಲ ನಮಸ್ಕಾರ ಹೇಳೂದ್ರಿ."

ಹವಾಲ್ದಾರರು ನಮಸ್ಕಾರವನ್ನೂ ಬರೆದುಕೊಂಡರು. ನಂತರ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿ, "ಏನವ್ವಾ, ನಿಮ್ಮ ಮನ್ಯಾವರು ಮಂದಿ ಜೋಡಿ ಭಾಳ ಮಾತಾಡತಾರೇನು?" ಎಂದರು.

ಅವಳು ಈ ಪ್ರಶ್ನೆಗೇ ಕಾದು ನಿಂತಿದ್ದವಳಂತೆ, "ನನ್ನ ಜೋಡಿ ಮಾತಾಡಿ ಎಷ್ಟ ದಿನಾ ಆತು ಅದನ್ನ ಬರಕೋರಿ ಮೊದಲ. ಲೈಸೆನ್ಸ್ ಕೊಡೂದಿದ್ರ ಮನ್ಯಾಗ ಮಾತಾಡಾಕ ಕೊಡ್ರಿ" ಎಂದಳು.

ಆ ವರದಿಯಲ್ಲಿ ಏನಿತ್ತು ಅನ್ನುವುದನ್ನು ಠಾಣೆಯ ರೈಟರರು ಮುಂದೊಂದು ದಿನ ತಮ್ಮ ಆಕಳನ್ನು ತೋರಿಸಲು ಬಂದಾಗ ನನಗೆ ಹೇಳಿದರು: "ಅರ್ಜಿದಾರರು ಸ್ವಂತ ಹೆಂಡತಿಯ ಜೊತೆಗೂ ಮಾತಾಡುವವರಲ್ಲ. ಇವರಿಂದ ದೇಶಕ್ಕೆ ಯಾವ ಅಪಾಯವೂ ಇಲ್ಲ."

### ಗೌಡರ ಬಲ್ಬು

ಲೈಸೆನ್ಸ್ ಬಂತು. ಗಾಜು ಹಾಕಿಸಿ, ಕಟ್ಟು ಕಟ್ಟಿಸಿ, ಗೋಡೆಗೆ ತೂಗುಹಾಕಿದೆ. ಆದರೆ ಅದಕ್ಕೊಂದು ಷರತ್ತು ಇತ್ತು. ಯಾರ ಜೊತೆ ಯಾವಾಗ ಮಾತಾಡಿದೆವೆಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ನವೀಕರಣದ ಹೊತ್ತಿಗೆ ಪುಸ್ತಕ ಖಾಲಿ ಇದ್ದರೆ ಲೈಸೆನ್ಸೂ ಖಾಲಿ. ನನ್ನ ಗಡುವು ಯುಗಾದಿ ಆದ ಮರುದಿನ. ಪುಸ್ತಕ ಇತ್ತು, ಪೆನ್ನು ಇತ್ತು, ಸೆಟ್ಟೇ ಇರಲಿಲ್ಲ.

ಎಂಥ ಸೆಟ್ಟು ಬೇಕೆಂದು ನನಗೆ ಸ್ಪಷ್ಟವಿತ್ತು. ನಮ್ಮೂರಿನ ಕರೆಂಟು ಅಳಿಯನ ಹಾಗೆ, ಬಂದರೆ ಬಂತು, ಸಿಟ್ಟಾದರೆ ಹೋಯಿತು. ಹಾಗಾಗಿ ಬ್ಯಾಟರಿಯ ಮೇಲೆ ನಡೆಯುವ, ಕಡಿಮೆ ಶಕ್ತಿಯ ಸೆಟ್ಟು ಆಗಬೇಕು. ನಾನು ಸೈಕಲ್ ಮೇಲೆ ಊರೂರು ತಿರುಗುವವ, ಹಾಗಾಗಿ ಕ್ಯಾರಿಯರ್ ಮೇಲೆ ಕೂರುವಷ್ಟು ಚಿಕ್ಕದಿರಬೇಕು. ಸಂಬಳ ಎಷ್ಟೆಂದು ಹೇಳುವುದಿಲ್ಲ, ಹಾಗಾಗಿ ಸೋವಿ ಇರಬೇಕು.

ಸುದ್ದಿ ಊರ ಗೌಡರಿಗೆ ಮುಟ್ಟಿತು. ಎಮ್ಮೆಗೆ ಸೂಜಿ ಹಾಕಿಸಲು ಕರೆಸಿ, ಸೂಜಿ ಬಿಟ್ಟು ರೇಡಿಯೋ ವಿಷಯ ತೆಗೆದರು.

"ಎಷ್ಟ ಶಕ್ತೀದು ತೊಗೋತೀರಿ?"

"ಐದು ವ್ಯಾಟಿಂದ್ರಿ."

"ಎಷ್ಟ ದೂರ ಹೋಗತೈತಿ ಅದು?"

"ಹವಾ ಚೊಲೊ ಇದ್ರ ಜಪಾನ್‌ಗೂ ಮುಟ್ಟತೈತ್ರಿ."

ಗೌಡರು ನಗಲಿಲ್ಲ. ನನ್ನ ಕೈ ಹಿಡಿದು ಕೊಟ್ಟಿಗೆಯ ಒಳಗೆ ಕರೆದೊಯ್ದು ಮೇಲೆ ತೂಗುತ್ತಿದ್ದ ಬಲ್ಬನ್ನು ತೋರಿಸಿದರು. "ನೋಡ್ರಿ, ಇದು ನಲವತ್ತ ವ್ಯಾಟಿಂದು. ಇದರ ಬೆಳಕು ಈ ಮೂಲಿಯಿಂದ ಆ ಎಮ್ಮಿತನಕ ಮುಟ್ಟೂದಿಲ್ಲ. ನೀವು ಐದ ವ್ಯಾಟಿನ್ಯಾಗ ಜಪಾನ್‌ಗೆ ಹೊಂಟೀರಿ."

ಅಂದಿನಿಂದ ನಾನು ಐದ ವ್ಯಾಟ್ ಡಾಕ್ಟರ್ ಆದೆ. ದವಾಖಾನೆಗೆ ಬಂದವರು, "ಐದ ವ್ಯಾಟಿನವರು ಅದಾರೇನ್ರಿ, ಇಲ್ಲಾ ಜಪಾನ್‌ಗೆ ಹೋಗ್ಯಾರೋ?" ಎಂದು ಕೇಳತೊಡಗಿದರು.

### ಹೊತ್ತು ಓಡುವ ಪದ್ಧತಿ

ಮೊದಲು ನೋಡಿದ್ದು ಹುಬ್ಬಳ್ಳಿಯ ಗುಜರಿ ವ್ಯಾಪಾರಿಯ ಅಂಗಡಿಯಲ್ಲಿ, ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಹಳೇ ಸೆಟ್ಟು. ಸೋವಿ ಅಂದರೆ ಸೋವಿ. ಹಸಿರು ಬಣ್ಣ, ಬೆನ್ನಿಗೆ ಕಟ್ಟಿಕೊಳ್ಳಲು ದಪ್ಪ ಪಟ್ಟಿಗಳು. ಬ್ಯಾಟರಿ ಇಲ್ಲದಿದ್ದರೂ ಚಿಂತಿಲ್ಲ, ಬಾಜೂಕ ಕರೆಂಟು ಹುಟ್ಟಿಸುವ ಒಂದು ಹಿಡಿಕೆ. ಒಬ್ಬ ತಿರುಗಿಸುತ್ತಿರಬೇಕು, ಇನ್ನೊಬ್ಬ ಮಾತಾಡುತ್ತಿರಬೇಕು.

ತಿರುಗಿಸುವವರು ಯಾರು ಎಂದು ಯೋಚಿಸಿದೆ. ಮನೆಯಲ್ಲಿ ನಾವಿಬ್ಬರೇ. ಹವಾಲ್ದಾರರ ಮುಂದೆ ಅವಳು ಆಡಿದ ಮಾತು ನೆನಪಾಗಿ ಆ ವಿಚಾರ ಅಲ್ಲಿಗೇ ಬಿಟ್ಟೆ.

ಆದರೂ ಎತ್ತಿ ನೋಡೋಣವೆಂದು ಪಟ್ಟಿಗೆ ಕೈ ಹಾಕಿದೆ. ಸೆಟ್ಟು ಅಲುಗಲಿಲ್ಲ. ವ್ಯಾಪಾರಿ ಹಿಂದಿನಿಂದ ನೂಕಿ, ಹೇಗೋ ನನ್ನ ಬೆನ್ನಿಗೆ ಏರಿಸಿದ. ನನ್ನ ಮೊಣಕಾಲು ಎರಡೂ ಒಳಕ್ಕೆ ಬಾಗಿದವು. ಎರಡು ಹೆಜ್ಜೆ ಇಟ್ಟೆ, ಮೂರನೆಯದು ತಾನೇ ಬಿತ್ತು.

"ಇದನ್ನ ಹೊತ್ಕೊಂಡು ಸೈನಿಕ ಓಡತಿದ್ದ ಅಂತೀರಿ?" ಎಂದು ಕೂತಲ್ಲಿಂದಲೇ ಕೇಳಿದೆ.

"ಓಡತಿದ್ದರಿ. ಹಿಂದ ವೈರಿ ಇರತಿದ್ದ," ಎಂದ ವ್ಯಾಪಾರಿ.

### ಮಾಸ್ತರರ ಎಡಗೈ

ಗುಡಗೇರಿಯಲ್ಲಿ ರೈಲ್ವೆಯಲ್ಲಿ ತಾರ್ ಮಾಸ್ತರರಾಗಿ ರಿಟೈರಾದ ಒಬ್ಬ ಹಿರಿಯರಿದ್ದರು. ಮನೆಯಲ್ಲೇ ಸೆಟ್ಟು ಕಟ್ಟುತ್ತಾರೆ, ಕೇಳಿದರೆ ಕೊಟ್ಟರೂ ಕೊಡಬಹುದು ಎಂದು ಯಾರೋ ಹೇಳಿದರು. ಸಂತೆಯ ದಿನ ಹೋದೆ.

ಮಾಸ್ತರರು ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತಿದ್ದರು. ಎದುರಿಗೆ ಒಂದು ಶೇಂಗಾ ಎಣ್ಣೆಯ ಡಬ್ಬಿ. ಡಬ್ಬಿಯ ಒಳಗೆ ತಂತಿ, ಸುರುಳಿ, ಮೇಲೆ ಎರಡು ಗುಂಡಿ. ಕಿವಿಗೆ ಹೆಡ್‌ಫೋನ್, ಬಲಗೈ ಕೀಲಿಯ ಮೇಲೆ, ಎಡಗೈ ಡಬ್ಬಿಯ ಮೇಲೆ. ಅವರು ಕೀಲಿ ಒತ್ತುವ ಚಂದ ನೋಡಿದರೆ ನನ್ನದು ರೊಟ್ಟಿ ಬಡಿದ ಹಾಗೆ ಅನ್ನಿಸಿತು. ಡಬ್ಬಿ ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಕೊಲಂಬೋದ ಒಬ್ಬನ ಜೊತೆ ಮಾತು ನಡೆದಿತ್ತು. ಹಗುರ, ಚಿಕ್ಕದು, ಸೋವಿ. ನನ್ನ ಮೂರೂ ಷರತ್ತು ಎಣ್ಣೆ ಡಬ್ಬಿಯಲ್ಲಿ ತುಂಬಿದ್ದವು.

ಅಷ್ಟರಲ್ಲಿ ಅವರ ಮನೆಯವರು ಚಹಾ ತಂದರು. ನನಗೆ ಕಪ್ಪು ಕೊಟ್ಟರು. ಮಾಸ್ತರರಿಗೆ ಮಾತ್ರ ಬಸಿಯಲ್ಲಿ ಹಾಕಿ ಊದಿ, ತಾವೇ ಬಾಯಿಗೆ ಹಿಡಿದರು. ಮಾಸ್ತರರು ಕೈ ತೆಗೆಯದೆ ಕುಡಿದರು. ಆಮೇಲೆ ಆ ತಾಯಿ ಸೆರಗಿನಿಂದ ಅವರ ಮೀಸೆಯನ್ನೂ ಒರೆಸಿದರು.

"ಕೈಗೆ ಏನರ ತ್ರಾಸ ಐತೇನ್ರಿ?" ಎಂದು ಮೆಲ್ಲಗೆ ಕೇಳಿದೆ.

"ಇಲ್ರಿ, ಎಡಗೈ ತಗದ್ರ ಸ್ಟೇಶನ್ ಸರದ ಹೋಗತೈತಿ," ಎಂದರು ಮಾಸ್ತರರು. "ಕೈ ಇಟ್ಟಾಗ ಕೊಲಂಬೋ ಸಿಕ್ಕೈತಿ. ಮಾತು ಮುಗಿಯೂತನಕ ಕೈ ಅಲ್ಲೇ ಇರಬೇಕು."

ನಾನು ಅಭ್ಯಾಸ ಮಾಡಿದರೆ ನನಗೂ ಬಂದೀತು ಎಂದುಕೊಂಡು, ಅವರ ಹೆಡ್‌ಫೋನ್ ನನ್ನ ಕಿವಿಗೆ ಹಾಕಿಕೊಂಡು, ನನ್ನ ಎಡಗೈಯನ್ನು ಅವರು ಇಟ್ಟಲ್ಲೇ ಇಟ್ಟು ನೋಡಿದೆ. ಕೊಲಂಬೋ ಹೋಯಿತು, ಬರ್ರೋ ಎಂಬ ಸದ್ದು ಬಂತು. ನನ್ನ ಕೈ ತೆಗೆದು ಅವರು ತಮ್ಮ ಕೈ ಇಟ್ಟರು. ಕೊಲಂಬೋ ಬಂತು. ಹೀಗೆ ನಾಲ್ಕು ಸಲ ಆಯಿತು.

"ಮಾಸ್ತರ, ಏನರ ಆಗಲಿ, ಈ ಸೆಟ್ ನನಗ ಕೊಡ್ರಿ," ಎಂದೆ.

ಅವರು ಬಹಳ ಮರುಕದಿಂದ ನನ್ನನ್ನು ನೋಡಿದರು. "ಡಬ್ಬಿ ಕೊಡತೀನ್ರಿ, ಅದರಾಗೇನೈತಿ. ಆದ್ರ ಕೈ ಹೆಂಗ ಕೊಡಲಿ?"

### ಟವೆಲಿನ ಕೆಳಗೆ

ಯುಗಾದಿ ಹತ್ತಿರ ಬಂತು. ಪುಸ್ತಕ ಇನ್ನೂ ಖಾಲಿ. ಅಷ್ಟರಲ್ಲಿ ಹುಬ್ಬಳ್ಳಿಯ ಒಬ್ಬ ವಕೀಲರಿಂದ ಪತ್ರ ಬಂತು. ಅವರೂ ಹ್ಯಾಮ್. ದೊಡ್ಡ ಸೆಟ್ಟು ತರಿಸಿದ್ದರಿಂದ ಹಳೆಯ ಚಿಕ್ಕ ಜಪಾನೀ ಸೆಟ್ಟು ಮಾರುವವರಿದ್ದರು. ಊಟದ ಡಬ್ಬಿಯಷ್ಟು ದೊಡ್ಡದು, ಬ್ಯಾಟರಿಯ ಮೇಲೆ ನಡೆಯುತ್ತದೆ, ಕೀಲಿಯ ಮಾತು ಮಾತ್ರ, ಬರೋಬರಿ ಐದು ವ್ಯಾಟು. ಈ ವಾರ ಬರದಿದ್ದರೆ ಗದಗಿನವರೊಬ್ಬರು ಒಯ್ಯುತ್ತಾರೆ ಎಂದು ಬರೆದಿದ್ದರು.

ಅದೇ ವಾರ ಸುತ್ತಲಿನ ಊರುಗಳಲ್ಲಿ ಕಾಲುಬಾಯಿ ಬೇನೆ ಎದ್ದಿತು. ನನಗೆ ಒಂದು ತಾಸೂ ಬಿಡುವಿಲ್ಲ. ಆಗ ಎಲ್ಲರೂ ಕಾಕಾ ಎನ್ನುತ್ತಿದ್ದ ನಮ್ಮೂರ ಎತ್ತಿನ ದಲ್ಲಾಳಿ ಮುಂದೆ ಬಂದರು. ಆ ಭಾಗದ ಸಂತೆಗಳಲ್ಲೆಲ್ಲ ಹೆಸರು ಮಾಡಿದ ಮನುಷ್ಯ, ಹೆಗಲ ಮೇಲೆ ಯಾವಾಗಲೂ ಕೆಂಪು ಅಂಚಿನ ಟವೆಲ್.

"ನಾ ಹೋಗಿ ತರತೀನಿ ಬಿಡ್ರಿ ಡಾಕ್ಟ್ರ. ಇಷ್ಟ ವರ್ಷ ಎತ್ತು ನೋಡೀನಿ, ಒಂದ ಡಬ್ಬಿ ನೋಡಾಕ ಬರೂದಿಲ್ಲೇನು?"

ಬೇರೆ ದಾರಿ ಇರಲಿಲ್ಲ. ರೊಕ್ಕ ಕೊಟ್ಟು ಕಳಿಸಿದೆ. ಅಲ್ಲಿ ಏನಾಯಿತೆಂಬುದನ್ನು ಆಮೇಲೆ ವಕೀಲರ ಬಾಯಿಂದಲೇ ಕೇಳಿದೆ.

ಕಾಕಾ ಹೋದವರೇ ಸೆಟ್ಟನ್ನು ಸುತ್ತುಹಾಕಿ ನೋಡಿದರಂತೆ. ಮುಂದಿನ ಗುಂಡಿಗಳನ್ನು ಬೆರಳಿಟ್ಟು ಎಣಿಸಿ, "ಎಂಟು ಹಲ್ಲು. ಬಾಯಿಗೂಡೇತಿ, ವಯಸ್ಸಾಗೇತಿ," ಎಂದರಂತೆ. ತಿರುವಿ ಹಾಕಿ ಹಿಂದಿನ ಸ್ಕ್ರೂ ಸುತ್ತಲಿನ ಗೀರು ತೋರಿಸಿ, "ಬೆನ್ನಮ್ಯಾಲ ಸುಳಿ ಐತಿ. ಇಂಥಾದ್ದನ್ನ ತಿಳದಾವ್ರು ಮನೀಗೆ ತರೂದಿಲ್ಲ," ಎಂದರಂತೆ. ಕೊನೆಗೆ, "ಎದಕ ಮಾರತೀರಿ? ಒದೀತೈತೇನು?" ಎಂದು ನೇರವಾಗಿ ಕೇಳಿದರಂತೆ.

ವಕೀಲರಾದರೂ ಸತ್ಯವಂತರು. "ಇಲ್ರೀ, ಕೀಲಿ ಒತ್ತಿದಾಗ ಏರಿಯಲ್ ತುದೀ ಮುಟ್ಟಿದ್ರ ಒಂದಿಷ್ಟು ಚುರುಕ್ ಅಂತದ, ಅಷ್ಟ," ಎಂದುಬಿಟ್ಟರು.

"ಹಂಗಂದ್ರ ಒದೀತೈತಿ," ಎಂದು ಕಾಕಾ ಎದುರಿಗಿದ್ದ ಕಕ್ಷಿದಾರರನ್ನೆಲ್ಲ ಸಾಕ್ಷಿಗೆ ನೋಡಿದರು.

ಆಮೇಲೆ ಟವೆಲ್ ಬಂತು. ನಮ್ಮ ಕಡೆ ಎತ್ತಿನ ದರ ಬಾಯಿಂದ ಹೇಳುವುದಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ ಎರಡರ ಮೇಲೂ ಟವೆಲ್ ಹಾಕಿ, ಒಳಗೆ ಬೆರಳು ಒತ್ತಿಯೇ ದರ ಹೇಳಬೇಕು, ಬೆರಳು ಒತ್ತಿಯೇ ಕೇಳಬೇಕು. ನೋಡುವವರಿಗೆ ತಿಳಿಯಬಾರದು. ಇದು ಹುಬ್ಬಳ್ಳಿಯ ವಕೀಲರಿಗೆ ಹೇಗೆ ಗೊತ್ತಿರಬೇಕು? ಅಪರಿಚಿತ ಮನುಷ್ಯ ಆಫೀಸಿನಲ್ಲಿ ಕಕ್ಷಿದಾರರ ಎದುರು ತಮ್ಮ ಕೈ ಮೇಲೆ ಬಟ್ಟೆ ಮುಚ್ಚಿ ಬೆರಳು ಹಿಚುಕತೊಡಗಿದ. ಗಾಬರಿಯಲ್ಲಿ ವಕೀಲರ ಬಾಯಿ ಕಟ್ಟಿತು. ಬಾಯಿ ಕಟ್ಟಿದರೂ ವರ್ಷಗಟ್ಟಲೆ ಕೀಲಿ ಒತ್ತಿದ ಬೆರಳು ಸುಮ್ಮನಿರಬೇಕಲ್ಲ? ಕಾಕಾರ ಅಂಗೈ ಮೇಲೆ ಅದು ತಾರಿನ ಭಾಷೆ ಬಡಿಯತೊಡಗಿತು.

ಕಾಕಾ ಊರಿಗೆ ಬಂದು ನನಗೆ ದೂರು ಹೇಳಿದ್ದೇ ಹೇಳಿದ್ದು. "ಎಂಥಾ ಮನಿಷ್ಯಾ ಅಂವ. ಒತ್ತತಾನ, ಬಿಡತಾನ, ಒತ್ತತಾನ, ಬಿಡತಾನ. ಉಸುರಿಗೊಮ್ಮೆ ದರಾ ಬದಲಸತಾನ. ಮತ್ತ ಪ್ರತೀ ಸಲ ಕಡೀ ಒತ್ತು ಜಿಗಣಿಯಂಗ ಉದ್ದಕ ಎಳೀತಾನ. ಅಂಥಾ ಬೆರಳು ಈ ಸೀಮ್ಯಾಗ ಇನ್ನೊಂದಿಲ್ಲ. ಕಣ್ಣ ಕಟ್ಟಿ ಬಿಟ್ರೂ ಗುರ್ತಾ ಹಿಡೀತೀನಿ ನಾ. ಕಡೀಕ ಬ್ಯಾಸರಾಗಿ ನನ್ನ ದರಾ ನಾನ ಹೇಳಿದೆ, ಹೂಂ ಅಂದಾ."

ದರ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆಗೆ ಇಳಿದಿತ್ತು. ಮುಂದೆ ವಕೀಲರು ಸಿಕ್ಕಾಗ, "ಟವೆಲಿನ ಕೆಳಗ ಅಂಥಾದ್ದೇನು ಬಡದ್ರಿ?" ಎಂದು ಕೇಳಿದೆ.

"ಕೈ ಬಿಡ್ರಿ ಅಂತ ಬಡದೆ," ಎಂದರು ಅವರು. "ಎರಡ ಸಲ ದಯಮಾಡಿ ಅಂತನೂ ಬಡದೆ."

### ಕಾಲಿಗೆ ನೀರು

ಕಾಕಾ ಸೆಟ್ಟನ್ನು ಸೀದಾ ಮನೆಯೊಳಗೆ ತರಲಿಲ್ಲ. ಹೊಸ ಎತ್ತು ಬಂದಾಗ ಕಾಲಿಗೆ ನೀರು ಹಾಕದೆ ಯಾರು ಒಳಗೆ ಕರೆದುಕೊಳ್ಳುತ್ತಾರೆ? ಹೊಸ್ತಿಲ ಹೊರಗೆ ಇಟ್ಟು, ಕೆಳಗಿನ ರಬ್ಬರ್ ಬಿರಡೆ ತೋರಿಸಿ, "ತಂಗೀ, ನಾಕ ಕಾಲ ಅದಾವ ನೋಡ," ಎಂದರು. ನಾನು ದವಾಖಾನೆಯಿಂದ ಸೈಕಲ್ ತುಳಿದು ಬರುವಷ್ಟರಲ್ಲಿ ನನ್ನ ಹೆಂಡತಿ ಒಂದು ತಂಬಿಗೆ ನೀರು ಹಾಕಿ, ಡಯಲ್ಲಿನ ಗಾಜಿಗೆ ಅರಿಷಿಣ ಕುಂಕುಮ ಹಚ್ಚಿ, ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳು ಆ ಸೆಟ್ಟಿಗೆ ತೋರಿಸಿದ ಪ್ರೀತಿ ಅದೇ ಮೊದಲು, ಅದೇ ಕೊನೆ.

ನಾನು ಓಡಿಹೋಗಿ ಸೆಟ್ಟನ್ನು ಎತ್ತಿ ಒರೆಸಿದೆ. ನೀರು ಕಾಲಿಗಷ್ಟೇ ಬಿದ್ದಿತ್ತು, ಒಳಗೆ ಹೋಗಿರಲಿಲ್ಲ. ಕಾಕಾ ತಂದ ಚೀಲದಲ್ಲಿ ಕೈ ಹಾಕಿದೆ. ಚೀಲ ಖಾಲಿ.

"ಕಾಕಾ, ಬ್ಯಾಟರಿಗೆ ಹಚ್ಚೂ ವಾಯರ್ ಎಲ್ಲಿ? ಕೀಲಿ ಎಲ್ಲಿ?"

"ಹಗ್ಗೇನ್ರಿ?" ಎಂದರು ಕಾಕಾ, ನಾನೇನೋ ನಾಚಿಕೆಗೇಡಿನ ಮಾತಾಡಿದೆ ಅನ್ನುವ ಹಾಗೆ. "ಹಗ್ಗಾ ಯಾರರ ತರತಾರೇನು?"

ಆಗ ನನಗೆ ತಿಳಿಯಿತು. ಎತ್ತು ಮಾರಿದವನು ತನ್ನ ಹಗ್ಗ ಬಿಚ್ಚಿಟ್ಟುಕೊಳ್ಳುತ್ತಾನೆ; ಕೊಂಡವನು ಹೊಸ ಹಗ್ಗ ಹಾಕಬೇಕು. ಹಳೇ ಹಗ್ಗದ ಜೋಡಿ ಬಂದ ಎತ್ತು ಕಣ್ಣು ತಪ್ಪಿದರೆ ಹಳೇ ಮಾಲಕನ ಮನೆಗೇ ಓಡುತ್ತದೆ ಅನ್ನುವುದು ನಮ್ಮವರ ನಂಬಿಕೆ. ಕಾಕಾ ಆ ಧರ್ಮವನ್ನು ಬಿಡದೆ ಪಾಲಿಸಿದ್ದರು. ಆ ಸೆಟ್ಟಿನ ಪಿನ್ನು ಜಪಾನಿನವರೇ ಮಾಡಿದ್ದು, ನವಲಗುಂದದಿಂದ ಹುಬ್ಬಳ್ಳಿವರೆಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಯುಗಾದಿಗೆ ಆರು ದಿನ ಉಳಿದಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

ಕಾಕಾ ನನ್ನನ್ನು ಸಮಾಧಾನ ಮಾಡಿದರು. "ಆ ವಕೀಲಾ ಪಾಪ ಚೊಲೊ ಮನಿಷ್ಯಾ. ಹಗ್ಗಾ ಹಿಡಕೊಂಡು ಬಸ್ ಸ್ಟ್ಯಾಂಡ್‌ತನಕ ನನ್ನ ಹಿಂದ ಓಡಿ ಬಂದಾ. ತೊಗೊಳ್ರಿ ತೊಗೊಳ್ರಿ ಅಂತ ಬಸ್ಸಿನ ಕಿಡಕ್ಯಾಗೂ ಒಗದಾ. ನಾ ತಿರಗಿ ಅವನ ಮ್ಯಾಲ ಒಗದೆ. ನಿಮ್ಮ ಮನೀ ಚೊಲೊ ಇರಲಿ ಅಂತ."

### ಹಳೇ ಹಗ್ಗ

ಮರುದಿನ ಕಾಕಾ ತಾವೇ ಒಂದು ಹೊಸ ಹಗ್ಗ ತಂದರು. ಹತ್ತಿಯ ನೂಲಿನದು, ಹಸಿರು ಕೆಂಪು ಬಣ್ಣ, ತುದಿಗೆ ಗೊಂಡೆ. ಸೆಟ್ಟಿನ ಸುತ್ತ ಎರಡು ಸುತ್ತು ಹಾಕಿ ಕಟ್ಟಿದರು. ನಾನು ಅವರಿಗೆ ಕೈ ಮುಗಿದೆ. ಅದರ ಮರುದಿನ ಲಸಿಕೆ ತರಲು ಹುಬ್ಬಳ್ಳಿಗೆ ಹೋಗುತ್ತೇನೆಂದು ಹೇಳಿ ವಕೀಲರ ಆಫೀಸಿಗೆ ಹೋದೆ. ವಾಯರೂ ಕೀಲಿಯೂ ಮೇಜಿನ ಮೇಲೇ ಇದ್ದವು. ವಕೀಲರು ಮೊದಲು ನನ್ನ ಹೆಗಲ ಮೇಲೆ ಟವೆಲ್ ಇಲ್ಲವೆಂದು ನೋಡಿಕೊಂಡು, ಆಮೇಲೆ ಕೈಗೆ ಕೊಟ್ಟರು. ಲಸಿಕೆಯ ಬರ್ಫದ ಡಬ್ಬಿಯೊಳಗೆ ಅಡಗಿಸಿ ಊರಿಗೆ ತಂದೆ.

"ವಾಯರ್ ಎಲ್ಲಿಂದ ಬಂತು?" ಎಂದು ಕಾಕಾ ಕೇಳಿದರು.

"ಹೊಸಾದು. ಹುಬ್ಬಳ್ಳ್ಯಾಗ ಮಾಡಸಿದೆ," ಎಂದೆ. ನಮ್ಮ ಒಳ್ಳೆಯದಕ್ಕೆ ಇಷ್ಟು ಒದ್ದಾಡಿದ ಹಿರಿಯನಿಗೆ ಸುಳ್ಳು ಹೇಳಿದೆನಲ್ಲ ಎಂದು ಕೆಡುಕೆನಿಸಿತು. ಆದರೆ ಲೈಸೆನ್ಸಿಗೆ ಐದೇ ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಗೌಡರ ಕಣದಲ್ಲಿ ಸೆಟ್ಟು ಹೂಡಿದೆ. ಬೇವಿನ ಮರದಿಂದ ಬಣವಿಯ ಕಂಬಕ್ಕೆ ಏರಿಯಲ್ ತಂತಿ ಎಳೆದೆ. ಗೌಡರು ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿ ಕೊಟ್ಟು, ಎದುರಿಗೇ ಹೊರಸು ಹಾಕಿಸಿಕೊಂಡು ಕೂತರು. ಅರ್ಧ ಊರು ಬಂದಿತ್ತು. ದೂರದಲ್ಲಿ ಕೈಕಟ್ಟಿ ನನ್ನ ಹೆಂಡತಿಯೂ ನಿಂತಿದ್ದಳು. ಕಾಕಾ ನನ್ನ ಬಾಜೂಕೇ ಕುಕ್ಕರಗಾಲಲ್ಲಿ ಕೂತು ಗೊಂಡೆ ಸರಿಮಾಡಿದರು.

ಕೀಲಿ ಒತ್ತಿದೆ. ಯಾರಾದರೂ ಇದ್ದೀರಾ ಎಂದು ಲೋಕಕ್ಕೆಲ್ಲ ಕೂಗಿದೆ. ಕಿವಿಗೊಟ್ಟು ಕೇಳಿದೆ. ಸ್ಪೀಕರಿನಲ್ಲಿ ಜೋಳ ಹುರಿದಂಥ ಸದ್ದು ಬಿಟ್ಟರೆ ಏನಿಲ್ಲ. ಮತ್ತೆ ಕೂಗಿದೆ. ಏನಿಲ್ಲ.

"ಐದ ವ್ಯಾಟು ನೋಡ್ರಿ," ಎಂದರು ಗೌಡರು. "ಇನ್ನೂ ಊರ ಅಗಸಿ ದಾಟಿರಾಕಿಲ್ಲ."

"ನಡಕೊಂತ ಹೊಂಟೈತೇನೋ," ಎಂದ ಇನ್ನೊಬ್ಬ.

ಒಂದು ತಾಸು ಹೀಗೇ ಹೋಯಿತು. ಮಂದಿ ಎದ್ದು ಹೋಗತೊಡಗಿದರು. ಎರಡು ಸಲ ಬೆಂಗಳೂರಿಗೆ ಹೋದದ್ದು, ಗಾಜಿನ ಕಟ್ಟು, ಖಾಲಿ ಪುಸ್ತಕ ಎಲ್ಲ ಕಣ್ಣ ಮುಂದೆ ಬಂತು. ನಿಜ ಹೇಳುತ್ತೇನೆ, ಅಳು ಬರುವುದೊಂದು ಬಾಕಿ ಇತ್ತು. ಕೊನೆಯ ಸಲ ಎಂದು ಮತ್ತೊಮ್ಮೆ ಒತ್ತಿದೆ.

ಆಗ ಸದ್ದಿನ ನಡುವೆ ಸಣ್ಣಗೆ ಕುಂಯ್‌ಕುಂಯ್ ಎಂದು ಬಂತು. ಯಾರೋ ಲೈಸೆನ್ಸಿನಲ್ಲಿ ಸರಕಾರ ಕೊಟ್ಟ ನನ್ನ ಗುರುತಿನ ಅಕ್ಷರಗಳನ್ನು ಬಡಿಯುತ್ತಿದ್ದರು. ಉತ್ತರ ಬಂದಿತ್ತು. ಬರೆದುಕೊಳ್ಳುವ ಅವಸರದಲ್ಲಿ ನನ್ನ ಪೆನ್ನು ಕೆಳಗೆ ಬಿತ್ತು. ಹುಡುಕಿ ಎತ್ತಿಕೊಳ್ಳುತ್ತಿರುವಾಗ ಕಾಕಾ ನನ್ನ ತೋಳು ಹಿಡಿದರು.

"ತಡೀರಿ," ಎಂದರು. ಕಣ್ಣು ಮುಚ್ಚಿದ್ದರು. ಹೆಗಲ ಮೇಲಿನ ಟವೆಲ್ ಕೈ ಮೇಲೆ ಬಂದಿತ್ತು. ಟವೆಲಿನ ಕೆಳಗೆ ಬೆರಳುಗಳು ಸದ್ದಿನ ಜೋಡಿ ಏಳುತ್ತಿದ್ದವು, ಬೀಳುತ್ತಿದ್ದವು. ಪ್ರತಿ ಸಲದ ಕೊನೆಯ ಸದ್ದು ಉದ್ದಕ್ಕೆ ಎಳೆಯುತ್ತಿತ್ತು. ಕಾಕಾ ಕಣ್ಣು ತೆರೆದರು.

"ಇದು ಆ ವಕೀಲನ ಬೆರಳು."

ನಾನು ಅಕ್ಷರ ಬರೆದು ಮುಗಿಸಿ ಓದಿದೆ. ವಕೀಲರೇ. ನಿಮ್ಮ ಸದ್ದು ಚೆನ್ನಾಗಿ ಬರುತ್ತಿದೆ ಎಂದು ಹೇಳಿದ್ದರು. ನಾನೂ ಹಾಗೇ ಹೇಳಿ ನಮಸ್ಕಾರ ಬಡಿದೆ. ಪುಸ್ತಕದ ಮೊದಲ ಸಾಲು ತುಂಬಿತು, ಲೈಸೆನ್ಸ್ ಉಳಿಯಿತು.

"ಜಪಾನ್ ಏನ್ರಿ?" ಎಂದು ಗೌಡರು ಹೊರಸಿನಿಂದ ಎದ್ದರು.

"ಇಲ್ರಿ, ಹುಬ್ಬಳ್ಳಿ."

ಗೌಡರು ಮತ್ತೆ ಕೂತರು. ಕಾಕಾ ಮಾತ್ರ ಏಳಲಿಲ್ಲ, ಕೂರಲಿಲ್ಲ. ಬಣ್ಣದ ಹೊಸ ಹಗ್ಗವನ್ನೊಮ್ಮೆ ನೋಡಿದರು. ಸೆಟ್ಟಿನ ಹಿಂದಿನಿಂದ ಬ್ಯಾಟರಿಗೆ ಹೋಗಿದ್ದ ಕರಿ ವಾಯರನ್ನು ಎರಡು ಬೆರಳಲ್ಲಿ ಹಿಡಿದು, ಉದ್ದಕ್ಕೂ ಸವರುತ್ತಾ ಹೋಗಿ, ಸವೆದ ಒಂದು ಜಾಗದಲ್ಲಿ ನಿಂತರು. ಆಮೇಲೆ ನನ್ನ ಮುಖ ನೋಡಿದರು.

"ಡಾಕ್ಟ್ರ, ಖರೇ ಹೇಳ್ರಿ. ಇಡೀ ಲೋಕಾನ ಬಿಟ್ಟು ಇದು ನೆಟ್ಟಗ ಹಳೇ ಮಾಲಕನ ಮನೀಗೇ ಯಾಕ ಓಡಿ ಹೋತು? ಹಳೇ ಹಗ್ಗಾನ ತಂದೀರಿಲ್ಲೋ?"